ಉದ್ಯಮಬಾಗದ ಮಿಸ್ತ್ರಿ, ನನ್ನ ಹೆರಾಲ್ಡ್‌ನ ಮಡ್‌ಗಾರ್ಡ್

ಬೆಳಗಾವಿಯಲ್ಲಿ ಹಳೆ ಗಾಡಿಯ ಮಡ್‌ಗಾರ್ಡ್ ಕೆಲಸ ಯಾರಿಗೆ ಕೊಡಬೇಕು ಅಂತ ಮೂರ್ನಾಲ್ಕು ಜನ ಕೇಳಿದ್ದಾರೆ. ಉದ್ಯಮಬಾಗದ ಒಳರಸ್ತೆಯಲ್ಲಿ ಒಂದು ಟಿಂಕರಿಂಗ್ ಶೆಡ್ ಇದೆ. ಬೋರ್ಡ್ ಇಲ್ಲ, ಮುಂದೆ ಒಂದು ಬೇವಿನ ಮರ. ನನ್ನ ಗಾಡಿ ಅಲ್ಲೇ ಆಯಿತು.

ನನ್ನದು 1967ರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು, ಎರಡು ಬಾಗಿಲಿನದು. ಅಪ್ಪ ತಗೊಂಡದ್ದು. ಮದ್ರಾಸಿನಲ್ಲಿ ತಯಾರಾದ ಗಾಡಿ, ಡಿಸೈನ್ ಇಟಲಿಯ ಮಿಕೆಲೋಟ್ಟಿಯದು. ಇದೇ ಚಾಸಿಯನ್ನು ಗಿಡ್ಡ ಮಾಡಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರು ಮಾಡಿದರು. ಕಂಪನಿ ಟೈರಿನ ಅಳತೆ 5.20-13, ಅಂದರೆ ಅಗಲ ಸುಮಾರು 132 ಮಿಲಿಮೀಟರ್. ಚೋರ್ಲಾ ಘಾಟಿನ ತಿರುವಿನಲ್ಲಿ ಹಿಂದಿನ ಗಾಲಿ ಹಿಡಿತ ಬಿಟ್ಟದ್ದನ್ನು ಎರಡು ಸಲ ನೋಡಿದ್ದೆ. ಹಾಗಾಗಿ ಹಿಂದೆ 175 ಮಿಲಿಮೀಟರ್ ಅಗಲದ ರೇಡಿಯಲ್ ಟೈರು ಹಾಕಬೇಕು ಅಂತ ಮನಸ್ಸು ಮಾಡಿದೆ. ಅಷ್ಟು ಅಗಲದ ಟೈರು ಮಡ್‌ಗಾರ್ಡಿಗೆ ತಾಗಬಾರದು ಅಂದರೆ ಅದರ ಅಂಚನ್ನು ಹೊರಗೆ ಉಬ್ಬಿಸಬೇಕು.

ಮೊದಲು ಬೇರೆ ಗ್ಯಾರೇಜಿಗೆ ಹೋಗಿದ್ದೆ. ಗಾಡಿಯನ್ನು ಜಾಕ್ ಮೇಲೆ ಎತ್ತಿ, ಗಾಲಿ ನೇತಾಡುತ್ತಿರುವಾಗಲೇ ಟೇಪ್ ಹಿಡಿದರು. ನಾಲ್ಕೂ ಕಡೆ ಎರಡೆರಡು ಇಂಚು ಕತ್ತರಿಸಬೇಕು ಅಂದರು. ಕೇಳಿ ಹೊಟ್ಟೆ ತೊಳಸಿತು. ಕೊಡಲಿಲ್ಲ.

ಈ ಮಿಸ್ತ್ರಿ ಜಾಕ್ ಮುಟ್ಟಲೇ ಇಲ್ಲ. ಹಿಂದಿನ ಸೀಟಿನಲ್ಲಿ ನನ್ನನ್ನೂ ಶೆಡ್ಡಿನ ಇಬ್ಬರು ಹುಡುಗರನ್ನೂ ಕೂರಿಸಿದರು. ಡಿಕ್ಕಿಗೆ ಎರಡು ಚೀಲ ಉಸುಕು ಹಾಕಿದರು. "ಸಾಹೇಬ್ರ, ಭಾರ ಬಿದ್ದಾಗ ಟೈರ್ ಎಲ್ಲಿಗಿ ಬರ್ತೈತಿ, ಅದನ್ನ ನೋಡೂಣ್ರಿ" ಅಂದರು. ಹೆರಾಲ್ಡಿನ ಹಿಂದೆ ಇರುವುದು ಸ್ವಿಂಗ್ ಆಕ್ಸಲ್, ಅಂದರೆ ಒಂದೊಂದು ಗಾಲಿಯ ಅಚ್ಚೂ ನಡುವಿನಿಂದ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತದೆ. ಗಾಡಿ ಎತ್ತಿದರೆ ಟೈರಿನ ತಲೆ ಹೊರಗೆ ವಾಲುತ್ತದೆ, ಭಾರ ಬಿದ್ದರೆ ಒಳಗೆ ಸರಿಯುತ್ತದೆ. ಹಾಗೆ ಅಳೆದಾಗ ಒಂದೊಂದು ಬದಿಗೆ ಉಬ್ಬಿಸಬೇಕಾದದ್ದು 18 ಮಿಲಿಮೀಟರ್ ಅಷ್ಟೇ! ಮುಂದಿನ ಮಡ್‌ಗಾರ್ಡ್ ಮುಟ್ಟುವುದೇ ಬೇಡ ಅಂದರು. ಈ ಗಾಡಿ 25 ಅಡಿ ಜಾಗದಲ್ಲಿ ಪೂರ್ತಿ ತಿರುಗುತ್ತದೆ. ಅಗಲ ಟೈರು ಹಾಕಿದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ತಾಗುತ್ತದೆ, ಆ ಗುಣವೇ ಹೋಗುತ್ತದೆ ಅಲ್ವಾ. ಮುಂದೆ 155 ಸಾಕು ಅಂತ ತೀರ್ಮಾನ ಆಯಿತು.

ಕೆಲಸವನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಮಡ್‌ಗಾರ್ಡಿನ ಅಂಚಿನಲ್ಲಿ ಹೊರಗಿನ ತಗಡು, ಒಳಗಿನ ತಗಡು ಎರಡೂ ಸೇರಿರುತ್ತವೆ. ಒಳಗಿನದಕ್ಕೆ ಸಣ್ಣ ಸಣ್ಣ ಸೀಳು ಹಾಕಿದರು. ಹೊರಗಿನದಕ್ಕೆ ಒಳಗಡೆಯಿಂದ ಡಾಲಿ, ಅಂದರೆ ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ, ಒತ್ತಿ ಹಿಡಿದು, ಮೇಲಿಂದ ಅಗಲ ಮುಖದ ಸುತ್ತಿಗೆಯಲ್ಲಿ ತಟ್ಟುತ್ತಾ ಹೋದರು. ಹತ್ತು ಏಟು ಹಾಕಿ ಅಂಗೈ ಸವರಿ ನೋಡುವುದು, ಮತ್ತೆ ಹತ್ತು ಏಟು. ಆಮೇಲೆ ಸೀಳುಗಳಿಗೆ ಪಟ್ಟಿ ಇಟ್ಟು, ಚುಕ್ಕಿ ಚುಕ್ಕಿಯಾಗಿ ವೆಲ್ಡಿಂಗ್. ತಗಡು ಸೊಟ್ಟ ಆಗಬಾರದು ಅಂತ ಪ್ರತಿ ಚುಕ್ಕಿಗೂ ಒದ್ದೆ ಅರಿವೆ ಒತ್ತಿದರು. ಪುಟ್ಟಿ ಬಳಿದದ್ದು ತೀರಾ ತೆಳ್ಳಗೆ. ಪೇಂಟ್ ಆದ ಮೇಲೂ ಫ್ರಿಜ್ಜಿನ ಆಯಸ್ಕಾಂತ ಅಂಚಿನುದ್ದಕ್ಕೂ ಗಟ್ಟಿಯಾಗಿ ಹಿಡಿಯಿತು.

ಕೊರತೆಯನ್ನೂ ಹೇಳಬೇಕು. ಎಂಟು ದಿನ ಅಂದವರು 23 ದಿನ ತಗೊಂಡರು. ಫೋನ್ ಎತ್ತುವುದು ಕಡಿಮೆ, ಹೋಗಿ ನಿಂತರೇ ಕೆಲಸ. ಬಲಗಡೆ ಮೂಲೆಯಲ್ಲಿ ಸೀಲರ್ ಬಿಟ್ಟುಹೋಗಿ, ಜುಲೈ ಮಳೆಗೆ ಡಿಕ್ಕಿಯೊಳಗೆ ನೀರು ಬಂತು. ಬೆಳಗಾವಿ ಮಳೆಗೆ ಅಷ್ಟು ಸಂದಿ ಸಾಕು, ತುಕ್ಕು ಶುರುವಾಗುತ್ತದೆ. ತೋರಿಸಿದ ಕೂಡಲೇ ಬಿಚ್ಚಿ ಸರಿಮಾಡಿದರು, ದುಡ್ಡು ಕೇಳಲಿಲ್ಲ. ಬಣ್ಣ ಮಾತ್ರ ಬಿಸಿಲಲ್ಲಿ ಸ್ವಲ್ಪ ಬೇರೆ ಕಾಣುತ್ತದೆ. ಪೇಂಟ್ ಬೇರೆ ಕಡೆ ಮಾಡಿಸಿ.

ಎರಡೂ ಬದಿ ಸೇರಿ ₹16,500 ಆಯಿತು. ಈಗ ನಾಲ್ಕು ಜನ ಕೂತು ತಿಲಕವಾಡಿಯ ಎರಡನೇ ರೈಲ್ವೆ ಗೇಟ್ ದಾಟಿದರೂ ಟೈರು ಎಲ್ಲೂ ತಾಗುವುದಿಲ್ಲ.

ಹೋಗುವವರು ರಿಮ್, ಟೈರು ಮೊದಲೇ ಹಾಕಿಕೊಂಡು ಹೋಗಿ. ಕಾಗದದ ಮೇಲಿನ ಅಳತೆ ನೋಡಿ ಅವರು ಸುತ್ತಿಗೆ ಎತ್ತುವುದಿಲ್ಲ.