ಹಳೆಯ ಮಾರುತಿ 800ರ ಚಾರ್ಜಿಂಗ್: ಯಾವ ಪರೀಕ್ಷೆಯನ್ನು ನಂಬಬೇಕು?

ಕಾರ್ಬುರೇಟರ್ ಕಾಲದ ಮಾರುತಿ 800ಕ್ಕೆ ಸ್ಕ್ಯಾನರ್ ಸಿಕ್ಕಿಸಿ ದೋಷ ಓದುವ ಸೌಕರ್ಯವಿಲ್ಲ. ಬೆಳಿಗ್ಗೆ ಸೆಲ್ಫ್ ಎಳೆಯದಿದ್ದರೆ ಬ್ಯಾಟರಿ, ಎಂಜಿನ್ ಓಡುವಾಗ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್, ಅವೆರಡರ ನಡುವಿನ ವೈರಿಂಗ್, ಈ ಮೂರರಲ್ಲಿ ಯಾವುದೆಂದು ನಾವೇ ಹುಡುಕಬೇಕು. ಮೊದಲ ಎರಡೂ ಅಂಗಡಿಯಲ್ಲಿ ಹೊಸದಾಗಿ ಸಿಗುತ್ತವೆ. ಗ್ಯಾರೇಜುಗಳ ಸಲಹೆಯೂ ಅಲ್ಲಿಗೇ ಹೋಗಿ ನಿಲ್ಲುತ್ತದೆ. ತೀರ್ಥಹಳ್ಳಿ ಕಡೆಯ ಮಳೆಯಲ್ಲಿ ಹಣ್ಣಾದ ನನ್ನ ಕಾರಿನ ಮೇಲೆ ಒಂದೊಂದೇ ವಿಧಾನವನ್ನು ಹಚ್ಚಿ ನೋಡಿದೆ.

ಖರ್ಚಿಲ್ಲದ್ದು ಡ್ಯಾಶ್‌ಬೋರ್ಡಿನ ಕೆಂಪು ದೀಪ. ಕೀ ತಿರುಗಿಸಿದಾಗ ಹೊತ್ತಬೇಕು, ಎಂಜಿನ್ ಓಡಿದ ಮೇಲೆ ಆರಬೇಕು. ಕೀ ಹಾಕಿದಾಗಲೇ ಹೊತ್ತದಿದ್ದರೆ ಮೊದಲು ಬಲ್ಬ್ ನೋಡಿ. ಹಳೆಯ ಕಾರುಗಳಲ್ಲಿ ಆಲ್ಟರ್ನೇಟರ್ ಕೆಲಸ ಶುರುಮಾಡಲು ಬೇಕಾದ ಮೊದಲ ಕರೆಂಟ್ ಸಾಮಾನ್ಯವಾಗಿ ಈ ಬಲ್ಬಿನ ಮೂಲಕವೇ ಹೋಗುತ್ತದೆ. ಆದರೆ ದೀಪ ಆರಿದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ನನ್ನ ಕಾರಿನಲ್ಲಿ ಅದು ಶಿಸ್ತಾಗಿ ಆರುತ್ತಿತ್ತು, ಬ್ಯಾಟರಿ ಮಾತ್ರ ಸೊರಗುತ್ತಲೇ ಇತ್ತು.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು, ಗಾಡಿ ನಿಂತರೆ ಆಲ್ಟರ್ನೇಟರ್ ಹೋಗಿದೆ ಎನ್ನುವ ಪದ್ಧತಿ ಇಂದಿಗೂ ಜೀವಂತವಾಗಿದೆ. ಡೈನಮೋ ಕಾಲದ ಈ ಚಾಳಿಗೆ ನನ್ನ ಕಾರನ್ನು ಒಡ್ಡಲಿಲ್ಲ. ಬ್ಯಾಟರಿಯ ಆಸರೆ ತಪ್ಪಿದ ಕ್ಷಣ ವೋಲ್ಟೇಜ್ ಚಿಮ್ಮಿ, ಆಲ್ಟರ್ನೇಟರಿನ ಎಸಿಯನ್ನು ಡಿಸಿಯಾಗಿಸುವ ಡಯೋಡ್, ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಸುಡಬಹುದು. ಇಲ್ಲದ ರೋಗವನ್ನು ಪರೀಕ್ಷೆಯೇ ತಂದಿಡುತ್ತದೆ.

ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಪುಟ್ಟ ವೋಲ್ಟ್‌ಮೀಟರ್ ನೋಡಲು ಚೆಂದ. ಬ್ಲೋವರ್, ಹೆಡ್‌ಲೈಟ್ ಹಾಕಿದಾಗ ಅದು 12.7 ತೋರಿಸಿತು, ಅದೇ ಹೊತ್ತಿಗೆ ಬ್ಯಾಟರಿಯ ಕಂಬಗಳ ಮೇಲೆ ಮಲ್ಟಿಮೀಟರ್ ಇಟ್ಟರೆ 13.1. ಹಳೆಯ ವೈರಿಂಗ್ ನಡುದಾರಿಯಲ್ಲಿ ನುಂಗಿದ್ದು ಆ ವ್ಯತ್ಯಾಸ. ದಿನವೂ ಕಣ್ಣಿಡಲು ಇದು ಸಾಕು, ರೋಗ ಹಿಡಿಯಲು ಸಾಲದು.

ಬ್ಯಾಟರಿಯ ಮಟ್ಟಿಗೆ ನನ್ನ ಮತ ಹೈಡ್ರೋಮೀಟರಿಗೆ. ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ ಆರೂ ಸೆಲ್‌ಗಳ ಆಸಿಡ್ ಎಳೆದು ಅದರ ಸಾಂದ್ರತೆ ನೋಡಬಹುದು. ಆರೂ ಒಂದೇ ಸಮನಾಗಿ ಇಳಿದಿದ್ದರೆ ಚಾರ್ಜ್ ಸಾಲುತ್ತಿಲ್ಲ. ಒಂದೇ ಸೆಲ್ ಉಳಿದವುಗಳಿಗಿಂತ 0.050ರಷ್ಟು ಕೆಳಗಿದ್ದರೆ ಬ್ಯಾಟರಿಯೇ ಹೋಗಿದೆ. ಡಿಸ್ಟಿಲ್ಡ್ ವಾಟರ್ ಹಾಕಿದ ತಕ್ಷಣ ಅಳೆಯಬಾರದು, ನೀರು ಮೇಲೆಯೇ ನಿಂತಿರುತ್ತದೆ. ನನ್ನದರಲ್ಲಿ ಆರೂ ಸಮನಾಗಿ ಬಡಕಲಾಗಿದ್ದವು. ಅಲ್ಲಿಗೆ ಹೊಸ ಬ್ಯಾಟರಿಯ ಮಾತು ಮುಗಿಯಿತು.

ಉಳಿದದ್ದು 300 ರೂಪಾಯಿ ಆಸುಪಾಸಿನ ಡಿಜಿಟಲ್ ಮಲ್ಟಿಮೀಟರ್. ಎಂಜಿನ್ ಆರಿಸಿ ಕೆಲವು ತಾಸು ಬಿಟ್ಟಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.5, 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನ್ನ 13.1 ಇದಕ್ಕಿಂತ ಕಡಿಮೆಯೇನೋ ಹೌದು, ಆದರೆ ತಪ್ಪು ಯಾರದೆಂದು ಈ ಒಂದು ಅಂಕಿ ಹೇಳುವುದಿಲ್ಲ. ಅದನ್ನು ಹೇಳಿದ್ದು ವೋಲ್ಟೇಜ್ ಎಲ್ಲಿ ಸೋರುತ್ತಿದೆ ಎಂದು ಅಳೆಯುವ ಪರೀಕ್ಷೆ. ಯಾವ ಗ್ಯಾರೇಜಿನಲ್ಲೂ ನನಗೆ ಇದನ್ನು ಮಾಡಿ ತೋರಿಸಿದವರಿಲ್ಲ.

ಹೆಡ್‌ಲೈಟ್, ಬ್ಲೋವರ್ ಹಾಕಿ ಇನ್ನೊಬ್ಬರಿಂದ ಆಕ್ಸಿಲರೇಟರ್ ಸ್ವಲ್ಪ ಒತ್ತಿಸಿ. ಮೀಟರಿನ ಒಂದು ಮೊನೆ ಆಲ್ಟರ್ನೇಟರಿನ ದಪ್ಪ ವೈರ್ ಕೂರುವ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ ಕಂಬಕ್ಕೆ. ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ. 0.3 ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. ಆಮೇಲೆ ಆಲ್ಟರ್ನೇಟರಿನ ಮೈಗೂ ಮೈನಸ್ ಕಂಬಕ್ಕೂ ಹಿಡಿಯಿರಿ: 0.2ರೊಳಗಿರಬೇಕು. ಬೆಲ್ಟಿನ ಹತ್ತಿರ ತೋಳು, ವೈರ್ ಹೋಗದಂತೆ ಎಚ್ಚರವಿರಲಿ. ನನ್ನ ಕಾರಿನ ಪ್ಲಸ್ ಬದಿ ಸರಿಯಿತ್ತು, ಮೈನಸ್ ಬದಿಯಲ್ಲಿ 0.9! ಎಂಜಿನ್ ರಬ್ಬರಿನ ಮೇಲೆ ಕೂತಿರುವುದರಿಂದ ಅದರಿಂದ ಹಿಂದಿರುಗುವ ಕರೆಂಟಿಗೆ ಅರ್ಥ್ ಪಟ್ಟಿಯೇ ದಾರಿ. ಆ ಪಟ್ಟಿ ಕಾರಿನ ಮೈಗೆ ಸೇರುವ ಬೋಲ್ಟ್ ಬಿಚ್ಚಿದರೆ ವಾಷರಿನ ಅಡಿಯಲ್ಲಿ ತುಕ್ಕಿನ ಪದರ, ಅದರ ಮೇಲೆ ತಾಮ್ರದ ಹಸಿರು ಪುಡಿ. ಮರಳುಕಾಗದದಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಅದೇ ದೀಪ, ಅದೇ ಬ್ಲೋವರ್, ಬ್ಯಾಟರಿಯಲ್ಲಿ ಈಗ 13.9.

ಅಗ್ಗದ ಮೀಟರಿಗೆ ಒಂದು ಮಿತಿಯುಂಟು. ಡಯೋಡ್ ಕೆಟ್ಟಿದೆಯೇ ಎಂದು ತಿಳಿಯಲು ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಎಸಿ ವೋಲ್ಟೇಜ್ ಅಳೆಯುತ್ತಾರೆ. ಅರ್ಧ ವೋಲ್ಟ್ ಮೀರಿದರೆ ಅನುಮಾನ. ಕಡಿಮೆ ಬೆಲೆಯ ಹಲವು ಮೀಟರುಗಳು ಡಿಸಿಯನ್ನೇ ಎಸಿ ಎಂದು ಓದಿ 28, 30 ತೋರಿಸುತ್ತವೆ. ಅದನ್ನು ನೋಡಿ ಹೆದರಬೇಡಿ. ಈ ಒಂದಕ್ಕೆ ಒಳ್ಳೆಯ ಮೀಟರ್ ಬೇಕು, ಇಲ್ಲವೇ ಆಲ್ಟರ್ನೇಟರ್ ಬಿಚ್ಚಿ ಆಟೋ ಎಲೆಕ್ಟ್ರಿಷಿಯನ್ ಬಳಿ ಒಯ್ಯಬೇಕು. ಒಯ್ದರೆ ಕಾರ್ಬನ್ ಬ್ರಷ್ ಎಷ್ಟು ಸವೆದಿದೆ ಎಂದು ನಿಮ್ಮೆದುರಿಗೇ ತೆಗೆಸಿ ನೋಡಿ. ಸವೆದಿರುವುದು ಅದೊಂದೇ ಆದರೆ ಬ್ರಷ್ ಹಾಕಿಸಿದರೆ ಸಾಕು, ಇಡೀ ಆಲ್ಟರ್ನೇಟರ್ ಬದಲಿಸಲು ಒಪ್ಪಬೇಡಿ.