ಕಾಲಲ್ಲಿ ತುಳಿಯುವ ಹಳೇ ಟೈಲರಿಂಗ್ ಮಷೀನ್ ತಗೋಬಹುದಾ?

ತಗೋಬಹುದು. ಆದರೆ ಎಲ್ಲರಿಗೂ ಅಲ್ಲ.

ನಾನು ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಆಪರೇಟರ್ ಆಗಿದ್ದವಳು. ಶರ್ಟಿಗೆ ಕಾಲರ್ ಕೂರಿಸುವುದೊಂದೇ ಕೆಲಸ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ತೋಳಿಗೆ ಒಬ್ಬರು, ಜೇಬಿಗೆ ಒಬ್ಬರು, ಗುಂಡಿಗೆ ಇನ್ನೊಬ್ಬರು. ವರ್ಷಗಟ್ಟಲೆ ಹೊಲಿದರೂ ನನ್ನ ರವಿಕೆ ಹೊಲಿದುಕೊಳ್ಳಲು ನನಗೇ ಬರುತ್ತಿರಲಿಲ್ಲ. ಕೇಳಿದವರು ನಗುತ್ತಾರೆ. ಲೈನಿನಲ್ಲಿ ಕೂತವರಿಗೆ ಗೊತ್ತು ಬಿಡಿ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಆಮೇಲೆ ಆರ್ಡರ್ ಇಲ್ಲ ಅಂತ ನಮ್ಮ ಯೂನಿಟ್ ಬಹಳ ದಿನ ಬಾಗಿಲು ತೆಗೆಯಲಿಲ್ಲ. ಕೋವಿಡ್‌ಗೆ ಅಂತ ಪಿಎಫ್‌ನಲ್ಲಿ ಅಡ್ವಾನ್ಸ್ ಕೊಟ್ಟರಲ್ಲ, ಮೂರು ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ), ಇಲ್ಲವೇ ಖಾತೆಯಲ್ಲಿದ್ದದ್ದರಲ್ಲಿ ಶೇ. 75, ಯಾವುದು ಕಮ್ಮಿಯೋ ಅದು. ವಾಪಸ್ ಕಟ್ಟುವ ಹಾಗಿರಲಿಲ್ಲ. ಬಾಡಿಗೆ, ರೇಷನ್ ಕಳೆದು ಉಳಿದದ್ದರಲ್ಲಿ ರಿಪೇರಿ ಅಂಗಡಿಯಿಂದ ಈ ತುಳಿಯುವ ಮಷೀನ್ ತಂದೆ. "ಇರೋ ದುಡ್ಡಲ್ಲಿ ಕಬ್ಬಿಣ ತಂದ್ಲು" ಅಂದರು ನಮ್ಮ ಯಜಮಾನರು. ಕಂಪನಿ ಹೆಸರು ಅಳಿಸಿಹೋಗಿದೆ, ಆದರೆ ಮಷೀನ್ ಗಟ್ಟಿ.

ಮೊದಮೊದಲು ಸಿಟ್ಟು ಬರುತ್ತಿತ್ತು. ಫ್ಯಾಕ್ಟರಿಯ ಜೂಕಿ ಕಂಪನಿ ಕರೆಂಟ್ ಮಷೀನ್ ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಓಡುತ್ತದೆ. ಇದನ್ನು ಎಷ್ಟು ತುಳಿದರೂ ಆ ವೇಗ ಬರಲ್ಲ. ಚಕ್ರ ಹಿಂದಕ್ಕೆ ತಿರುಗಿದರೆ ಕೆಳಗಿನ ದಾರ ಇರುವ ಶಟಲ್‌ನಲ್ಲಿ ದಾರ ಸಿಕ್ಕಿಕೊಳ್ಳುತ್ತದೆ. ಸೂಜಿಯೂ ಬೇರೆ. ಫ್ಯಾಕ್ಟರಿ ಸೂಜಿಯ ಬುಡ ಗುಂಡಗೆ, ಇದರದ್ದು ಒಂದು ಪಕ್ಕ ಚಪ್ಪಟೆ.

ಆದರೆ ಕಲಿಯುವವರಿಗೆ ಈ ನಿಧಾನವೇ ಬೇಕು. ಕಂಕುಳ ಹತ್ತಿರ ತೋಳು ಕೂರಿಸುವಾಗ ಒಂದೊಂದೇ ಹೊಲಿಗೆ ನೋಡಿಕೊಂಡು ಹೋಗಬಹುದು. ನಾನು ಹಳೇ ರವಿಕೆಯೊಂದನ್ನು ಬಿಚ್ಚಿ, ತುಂಡುಗಳನ್ನು ಪೇಪರ್ ಮೇಲಿಟ್ಟು ಗೆರೆ ಎಳೆದು ಕಟಿಂಗ್ ಕಲಿತೆ. ಮೊದಲು ಬಟ್ಟೆ ಮಾಸ್ಕ್ ಹೊಲಿದೆ, ಆಮೇಲೆ ಸೀರೆಗೆ ಫಾಲ್ಸ್, ಈಗ ಲೈನಿಂಗ್ ರವಿಕೆ. ಅಳತೆ ತಗೊಳ್ಳುವುದರಿಂದ ಹುಕ್ ಹಾಕುವವರೆಗೆ ಎಲ್ಲಾ ನಂದೇ. ತಿಂಗಳ ಸಂಬಳದ ಹಾಗೆ ದುಡ್ಡು ಬರುವುದಿಲ್ಲ, ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಹಬ್ಬ, ಮದುವೆ ಸೀಸನ್‌ನಲ್ಲಿ ಜಾಸ್ತಿ, ಆಷಾಢದಲ್ಲಿ ಸುಮ್ನೆ ಕೂರಬೇಕು. ಆದರೂ ಲೈನಿಗೆ ವಾಪಸ್ ಕರೆದಾಗ ನಾನು ಹೋಗಲಿಲ್ಲ.

ಕೊರತೆಗಳೂ ಇವೆ. ಇದರಲ್ಲಿ ಜಿಗ್‌ಜಾಗ್ (ಅಂಕುಡೊಂಕು ಹೊಲಿಗೆ) ಬರುವುದಿಲ್ಲ, ಅದಕ್ಕೆ ಬೇರೆಯವರ ಹತ್ತಿರ ಕೊಡಬೇಕು. ಚರ್ಮದ ಬೆಲ್ಟ್ ಆಗಾಗ ಸಡಿಲವಾಗುತ್ತದೆ. ಸ್ವಲ್ಪ ಕತ್ತರಿಸಿ ಮತ್ತೆ ಕ್ಲಿಪ್ ಹಾಕಿದರೆ ಸರಿಹೋಗುತ್ತದೆ. ರಾಶಿ ಆರ್ಡರ್ ಹಿಡಿಯುವವರು ಇದನ್ನು ನಂಬಬೇಡಿ. ತಗೊಳ್ಳುವ ಮುಂಚೆ ನಿಮ್ಮದೇ ಬಟ್ಟೆ ಕೊಟ್ಟು ಅಲ್ಲೇ ಹೊಲಿದು ನೋಡಿ, ತೆಳು ಬಟ್ಟೆಯಲ್ಲಿ ನಡುನಡುವೆ ಹೊಲಿಗೆ ಬಿಟ್ಟುಹೋಗಬಾರದು. ಮಂಡಿ ನೋವಿದ್ದರೆ ಅಂಗಡಿಯಲ್ಲೇ ಮೋಟಾರ್ ಹಾಕಿಸಿಕೊಂಡು ಬನ್ನಿ.