ಕೆ-32 ಅಂತ ಹೇಳಿ ಮಾರಿದ್ರು, ಸಿಲಿಂಡರ್ ಬೇರೆದು! ಹಳೇ ಟಾರ್ಗೆಟ್ ರಿವಾಲ್ವರ್ ತಗೊಳೋರು ದಯವಿಟ್ಟು ಓದಿ

ಬರೀಲೋ ಬೇಡ್ವೋ ಅಂತ ಹದಿನೈದು ದಿನ ಯೋಚ್ನೆ ಮಾಡಿದೀನಿ ಮಾರಾಯ್ರೆ. ನಾಚಿಕೆ ಆಗ್ತಿದೆ. ಯಾಕಂದ್ರೆ ನಮ್ಮ ಶಿರಸಿ ಕಡೆ ಯಾರಾದ್ರೂ ಹಳೇ ಕೋವಿ ತಗೊಳೋದಿದ್ರೆ "ಒಂದ್ಸಲ ಬಂದು ನೋಡಿ ಹೇಳಿ" ಅಂತ ನನ್ನನ್ನೇ ಕರ್ಕೊಂಡು ಹೋಗ್ತಾರೆ, ನಾನೂ ದೊಡ್ಡ ಜನದ ಹಾಗೆ ನಳಿಗೆ ಒಳಗೆ ಬ್ಯಾಟರಿ ಬಿಟ್ಟು ನೋಡಿ ತಲೆ ಆಡಿಸಿ ಬರ್ತೀನಿ. ಅಂಥವನೇ 6 ಲಕ್ಷ 40 ಸಾವಿರ ಕೊಟ್ಟು ಮೋಸ ಹೋಗಿದೀನಿ. ಒಂದು ವರ್ಷದ ಚಾಲಿ ಅಡಿಕೆ ದುಡ್ಡು ಅದು, ಪೂರಾ.

ವಿಷಯ ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ತೀನಿ. ಅಮೆರಿಕದ ಗನ್ ಕಂಪನಿ ಸ್ಮಿತ್ ಆಂಡ್ ವೆಸನ್‌ನೋರು ಎರಡನೇ ಮಹಾಯುದ್ಧ ಮುಗಿದ್ಮೇಲೆ 1947ರ ಹೊತ್ತಿಗೆ ಮಾಸ್ಟರ್‌ಪೀಸ್ ಅಂತ ಮೂರು ಟಾರ್ಗೆಟ್ ರಿವಾಲ್ವರ್ ತಂದ್ರು, .22, .32, .38 ಅಂತ (ಸುಮಾರಾಗಿ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ; .32ರದ್ದಕ್ಕೇ ಕೆ-32 ಅನ್ನೋದು), ಮೂರೂ ಅವರ ಕೆ ಫ್ರೇಮಿನ ಮೇಲೆ, ಅಂದ್ರೆ ತೀರಾ ಚಿಕ್ಕದೂ ಅಲ್ಲ ದೊಡ್ಡದೂ ಅಲ್ಲ, ನಡುವಿನ ಸೈಜು. ಮಜಾ ಏನಂದ್ರೆ ತೋಟಾ ತುಂಬಿದ್ಮೇಲೆ ಮೂರೂ ಒಂದೇ ತೂಕ ಬರಬೇಕು ಅಂತ ಲೆಕ್ಕ ಹಾಕಿ ಬ್ಯಾರೆಲ್ ಮೇಲಿನ ಪಟ್ಟಿಯ ಅಗಲವನ್ನ ಒಂದೊಂದಕ್ಕೆ ಒಂದೊಂದು ಥರ ಇಟ್ಟಿದ್ರು, 38.5 ಔನ್ಸು, ನಮ್ಮ ಲೆಕ್ಕದಲ್ಲಿ ಒಂದು ಕೆಜಿ ಮೇಲೆ ಇನ್ನೊಂದು ತೊಂಬತ್ತು ಗ್ರಾಮು. ಇದನ್ನ ನಾನು ಎಷ್ಟು ಜನಕ್ಕೆ ಹೇಳಿ ತಲೆ ತಿಂದಿದೀನೋ ಲೆಕ್ಕ ಇಲ್ಲ. ಅಮೆರಿಕದಲ್ಲಿ .22 ಮತ್ತೆ .38 ಚೆನ್ನಾಗಿ ಓಡ್ತು, .32 ಯಾರಿಗೂ ಬೇಡ ಆಯ್ತು, 1957ರಲ್ಲಿ ಮಾಡೆಲ್ 16 ಅಂತ ನಂಬರ್ ಕೊಟ್ರು, 1973ಕ್ಕೆ ನಿಲ್ಲಿಸೇ ಬಿಟ್ರು. ನಮ್ಮಲ್ಲಿ ಉಲ್ಟಾ. .38 ನಿಷೇಧಿತ ಬೋರಲ್ಲಿ, ಅಂದ್ರೆ ಸಾಮಾನ್ಯ ಲೈಸನ್ಸಿಗೆ ಕೊಡದ ಅಳತೆಯಲ್ಲಿ ಬರತ್ತೆ, ಸಾಮಾನ್ಯ ಲೈಸನ್ಸಿಗೆ ಹೆಚ್ಚಾಗಿ ತಗೊಳೋದು .32, ಹೊರಗಿಂದ ತರಿಸೋದು 1980ರ ದಶಕದಲ್ಲೇ ಬಂದ್ ಆಗಿದೆ. ಹಾಗಾಗಿ ದೇಶದಲ್ಲಿ ಇರೋ ನಾಲ್ಕೈದು ಹಳೇ ಪೀಸಿಗೆ ಎಲ್ಲರೂ ಬಾಯಿ ಬಿಡ್ಕೊಂಡು ಕೂತಿದೀವಿ. ಈ ಬಾಯಿ ಬಿಡೋದೇ ಮಾರೋರ ಬಂಡವಾಳ.

ಕಾರವಾರದಲ್ಲಿ ಒಬ್ರ ಹತ್ರ ಇದೆ ಅಂತ ಸುದ್ದಿ ಬಂತು. ಹೆಸರು ಹಾಕಲ್ಲ, ಬೇಡ. ಫೋನ್ ಮಾಡಿದ್ರೆ ಬಹಳ ಮರ್ಯಾದೆಯಿಂದ ಮಾತಾಡಿದ್ರು. "ಹೆಗಡೇರೇ, ಟೀ ಎಸ್ಟೇಟ್ ಮ್ಯಾನೇಜರ್ ಹತ್ರ ಇದ್ದ ಗನ್ ಇದು, ವರ್ಷಕ್ಕೊಂದ್ಸಲ ಹೊರಗೆ ತೆಗೆದು ಎಣ್ಣೆ ಹಾಕಿ ಒಳಗಿಡ್ತಿದ್ರು ಅಷ್ಟೇ, ಆಲ್ ಒರಿಜಿನಲ್." ಆಲ್ ಒರಿಜಿನಲ್, ಆಲ್ ಒರಿಜಿನಲ್, ಹತ್ತು ಸಲ ಹೇಳಿರ್ಬೇಕು. ಮಾರನೇ ದಿನ ಬೆಳಿಗ್ಗೆ ತಿಂಡಿನೂ ತಿನ್ನದೆ ದೇವಿಮನೆ ಘಟ್ಟ ಇಳಿದು ಕುಮಟಾ ಅಂಕೋಲಾ ದಾಟಿ ಕಾರವಾರಕ್ಕೆ ಹೋದೆ.

ಜಗಲಿ ಮೇಲೆ ಕೂರಿಸಿ ಮುರುಗಲು ಶರಬತ್ತು ಕೊಟ್ರು. ಆಮೇಲೆ ಒಂದು ಹಳೇ ಫ್ಲಾನಲ್ ಬಟ್ಟೆ ಬಿಚ್ಚಿ ಇಟ್ರು ನೋಡಿ ಟೀಪಾಯಿ ಮೇಲೆ. ಆರಿಂಚಿನ ನಳಿಗೆ, ಹಿಂದೆ ಗುರಿ ನೋಡೋಕೆ ತಿರುಪಿ ಅಡ್ಜಸ್ಟ್ ಮಾಡೋ ಸೈಟು, ಹಿಡಿಕೆ ಸ್ಕ್ರೂ ಸುತ್ತ ಆ ಡೈಮಂಡ್ ಆಕಾರ, ಕನ್ನಡಿ ಹಾಗೆ ಹೊಳೆಯೋ ನೀಲಿ. ನನಗೆ ಅಲ್ಲೇ ಬುದ್ಧಿ ಕೆಟ್ಟಿತು.

ಈಗ ಹೇಳೋದೇ ನನ್ನ ನಿಜವಾದ ನಾಚಿಕೆ. ಈ ಗನ್ನುಗಳಲ್ಲಿ ಹ್ಯಾಮರು (ತೋಟಾ ಸಿಡಿಸೋಕೆ ಹಿಂದಿಂದ ಬಡಿಯೋ ಭಾಗ) ಟ್ರಿಗರು ನೀಲಿ ಇರಲ್ಲ. ಉಕ್ಕಿನ ಮೇಲ್ಮೈ ಗಟ್ಟಿ ಮಾಡುವಾಗ ಬರೋ ಕೇಸ್ ಹಾರ್ಡನಿಂಗ್ ಬಣ್ಣ ಇರತ್ತೆ, ಮಳೆಗಾಲದಲ್ಲಿ ರಸ್ತೆ ನೀರಿನ ಮೇಲೆ ಡೀಸೆಲ್ ಬಿದ್ರೆ ಹೇಗೆ ಕಾಣತ್ತೋ ಹಾಗೆ ಬೂದಿ ಕಂದು ನೀಲಿ ಮಚ್ಚೆ ಮಚ್ಚೆ. ಹ್ಯಾಮರ್ ನೀಲಿ ಕಂಡ್ರೆ ಯಾರೋ ಇಡೀ ಗನ್ನನ್ನ ಉಜ್ಜಿ ಹೊಸ ನೀಲಿ ಹತ್ತಿಸಿದಾರೆ ಅಂತ ಅರ್ಥ. ಇದು ಒಂದನೇ ಕ್ಲಾಸಿನ ಪಾಠ, ನಾನೇ ಬೇರೆಯವರಿಗೆ ಹೇಳ್ಕೊಟ್ಟಿದೀನಿ. ಅವತ್ತು ನನ್ನ ಕಣ್ಣೆದುರಿಗೆ ಹ್ಯಾಮರ್ ನೀಲಿ ಇತ್ತು, ನೋಡ್ದೆ, ಕೇಳೂ ಕೇಳ್ದೆ. ಅವರು ಒಂದು ಕ್ಷಣನೂ ತಡವರಿಸದೆ "ಅದು ಸ್ಪೆಷಲ್ ಆರ್ಡರ್ ಪೀಸು ಸರ್, ಅದಕ್ಕೇ ಇಷ್ಟು ರೇಟು" ಅಂದ್ರು. ನಾನು "ಓಹೋ ಹೌದಾ" ಅಂದೆ! ಓಹೋ ಹೌದಾ ಅಂತೆ. ಈಗ ರಾತ್ರಿ ನಿದ್ದೆ ಬರದೇ ಇದ್ದಾಗ ಆ ಓಹೋ ಹೌದಾ ಕಿವೀಲಿ ಕೇಳತ್ತೆ.

ಸಿಲಿಂಡರ್ (ತೋಟಾ ಹಾಕೋ ಆರು ತೂತಿನ ತಿರುಗೋ ಉರುಳೆ) ತೆಗೆದು ತೋರ್ಸಿ ಅಂದೆ. ಅವರೇ ತೆಗೆದು ಕೈಲಿ ಹಿಡ್ಕೊಂಡು ತೋರಿಸಿದ್ರು, ಹಿಂದ್ಗಡೆ ಮುಖಕ್ಕೆ ಗ್ರೀಸು ಹೋಳಿಗೆಗೆ ತುಪ್ಪ ಬಳಿದ ಹಾಗೆ ಬಳಿದಿತ್ತು. "ಕರಾವಳಿ ಹವಾ ಸರ್, ಉಪ್ಪಿನ ಗಾಳಿ, ಗ್ರೀಸ್ ಇಲ್ದಿದ್ರೆ ಎರಡೇ ದಿನಕ್ಕೆ ತುಕ್ಕು." ಮಾತು ಸುಳ್ಳಲ್ಲ, ಅದಕ್ಕೇ ಒಪ್ಕೊಂಡೆ. ಒರೆಸಿ ಅಂತ ಹೇಳೋಕೆ ಸಂಕೋಚ ಆಯ್ತು, ಮನೇಲಿ ಕೂರಿಸಿ ಶರಬತ್ತು ಕೊಟ್ಟಿದಾರೆ, ಅನುಮಾನ ಪಟ್ಟ ಹಾಗೆ ಆಗತ್ತಲ್ಲ ಅಂತ. ಹಿಡಿಕೆ ಬುಡದ ನಂಬರು ಮತ್ತೆ ಅವರ ಲೈಸನ್ಸಿನ ನಂಬರು ತಾಳೆ ನೋಡ್ದೆ, ಸರಿ ಇತ್ತು. "ಇನ್ನೂ ಇಬ್ರು ಪಾರ್ಟಿ ಲೈನಲ್ಲಿದಾರೆ" ಅಂದ್ರು. ಅಲ್ಲೇ 2 ಲಕ್ಷ ಅಡ್ವಾನ್ಸ್ ಕೊಟ್ಟೆ.

ಮುಂದಿನದು ನಿಮಗೆ ಗೊತ್ತಿದ್ದಿದ್ದೇ. ಮಾರೋರು ಬರವಣಿಗೆಯಲ್ಲಿ ತಿಳಿಸ್ಬೇಕು, ಅದಾಗಿ 45 ದಿನ ಕಾಯ್ಬೇಕು, ನನ್ನ ಲೈಸನ್ಸಲ್ಲಿ ಎಂಟ್ರಿ ಆಗ್ಬೇಕು. 2019ರ ತಿದ್ದುಪಡಿ ಆದ್ಮೇಲೆ ಒಬ್ಬರಿಗೆ ಎರಡೇ ಗನ್ನು, ಮೊದಲು ಮೂರಿತ್ತು. ನನ್ನ ಹತ್ರ ಹಂದಿ ಕಾಟಕ್ಕೆ ಅಂತ ತೋಟದ ಜೋಡಿ ನಳಿಗೆ ಒಂದಿದೆ, ಉಳಿದಿದ್ದು ಒಂದೇ ಜಾಗ, ಆ ಒಂದೇ ಜಾಗವನ್ನ ಇದಕ್ಕೆ ಹಾಕ್ದೆ. ಆ 45 ದಿನದಲ್ಲಿ ಇನ್ನೊಂದ್ಸಲ ಹೋಗಿ ನೋಡ್ಬಹುದಿತ್ತು. ಹೋಗಿಲ್ಲ. ಕನಸು ಕಾಣ್ತಾ ಕೂತೆ.

ತಂದ ದಿನ ರಾತ್ರಿ ಊಟ ಆದ್ಮೇಲೆ ಅಪ್ಪಯ್ಯನಿಗೆ ತೋರಿಸ್ದೆ. ಅಪ್ಪಯ್ಯನಿಗೆ ಎಂಬತ್ತು ದಾಟಿದೆ, ಹಳೇ ಕೇಪಿನ ಕೋವಿ ಕಾಲದಿಂದ ನೋಡಿದವ್ರು. ಧೋತ್ರದ ಸೆರಗಲ್ಲಿ ಗ್ರೀಸನ್ನೆಲ್ಲ ಒರೆಸಿ ಪಂಚಾಂಗ ಓದೋ ಭೂತಗನ್ನಡಿ ತಂದು ಸಿಲಿಂಡರ್ ಹಿಂದೆ ಇಟ್ಕೊಂಡು ಸುಮಾರು ಹೊತ್ತು ನೋಡಿದ್ರು. ಆಮೇಲೆ "ತಮಾ, ಇಲ್ಲಿ ನಂಬರೇ ಬೇರೆ ಇದ್ದಲಾ" ಅಂದ್ರು.

ನಾನು ಇಸ್ಕೊಂಡು ನೋಡ್ದೆ. ಬುಡದಲ್ಲಿ ಕೆ ಅಕ್ಷರದಿಂದ ಶುರುವಾಗೋ ನಂಬರು. ನಳಿಗೆ ಅಡಿಯಲ್ಲಿ, ಖಾಲಿ ತೋಟಾ ಹೊರಗೆ ದಬ್ಬೋ ಎಜೆಕ್ಟರ್ ರಾಡ್ ಕೂರೋ ಕಡೆ ಅದೇ ನಂಬರು. ಸಿಲಿಂಡರಿನಲ್ಲಿ ಬರೀ ಐದು ಅಂಕಿ, ಕೆ ಇಲ್ಲವೇ ಇಲ್ಲ, ಅಂಕಿನೂ ಯಾವುದೂ ತಾಳೆ ಇಲ್ಲ. ಬಲ್ಬಿನ ಕೆಳಗೆ ಓರೆ ಮಾಡಿ ಹಿಡಿದ್ರೆ ಆ ಕನ್ನಡಿ ನೀಲಿ ಅಡಿಯಲ್ಲಿ ಸಿಡುಬಿನ ಕಲೆ ಹಾಗೆ ಸಣ್ಣ ಸಣ್ಣ ಗುಳಿ, ಚರ್ಮದ ಚೀಲದಲ್ಲೇ ಮಳೆಗಾಲ ಕಳೆದ ಗನ್ನಿಗೆ ಆಗೋದು ಇದೇ. ಅಕ್ಷರಗಳ ಅಂಚು ಸವೆದು ತೇಲಿ ಹೋಗಿದೆ, ಸ್ಕ್ರೂ ತೂತಿನ ಸುತ್ತ ತಟ್ಟೆ ಹಾಗೆ ತಗ್ಗಾಗಿದೆ, ಬಫಿಂಗ್ ಚಕ್ರಕ್ಕೆ ಹಿಡಿದ ಗುರುತು. ಎಲ್ಲಾ ಕಾಣ್ತಿದೆ ಈಗ, ಎಲ್ಲಾ! ಕಾರವಾರದಲ್ಲಿ ಯಾಕೆ ಕಾಣ್ಲಿಲ್ಲ? "ಎಷ್ಟು ಕೊಟ್ಟೆ" ಅಂತ ಅಪ್ಪಯ್ಯ ಕೇಳಿದ್ರು. ಅರ್ಧ ಹೇಳ್ದೆ. ಅರ್ಧಕ್ಕೇ ಅವರು ಎದ್ದು ಒಳಗೆ ಹೋದ್ರು. (ಪೂರ್ತಿ ಎಷ್ಟು ಅಂತ ಅವರಿಗೆ ಇನ್ನೂ ಗೊತ್ತಿಲ್ಲ, ಓದೋರು ಹೇಳ್ಬೇಡಿ.)

ಆದ್ರೂ ಹೊಡೆಯೋಕಾದ್ರೂ ಚೆನ್ನಾಗಿರ್ಬಹುದು ಅಂತ ಆಸೆ. ರೇಂಜಿಗೆ ಹೋದೆ. 25 ಮೀಟರ್ ಟಾರ್ಗೆಟ್ಟು, ಕಪ್ಪು ಭಾಗ 20 ಸೆಂಟಿಮೀಟರ್, ನಡುವಿನ ಹತ್ತರ ವೃತ್ತ 5 ಸೆಂಟಿಮೀಟರ್. ಪಕ್ಕದ ಲೇನಲ್ಲಿ ಕಾಲೇಜು ಹುಡುಗ್ರು .22ರಲ್ಲಿ ಪ್ರಾಕ್ಟೀಸ್ ಮಾಡ್ತಿದ್ರು, ಅವರಿಗೂ 38.5 ಔನ್ಸಿನ ಕಥೆ ಹೇಳಿ ಆಗಿತ್ತು ನಂದು. ಆರು ಈಡು ಹೊಡೆದೆ. ಎರಡು ಕಪ್ಪಲ್ಲಿ, ಮೂರು ಬಿಳಿಯಲ್ಲಿ ಅಲ್ಲೊಂದು ಇಲ್ಲೊಂದು, ಒಂದು ಕಾಗದದಲ್ಲೇ ಇಲ್ಲ. ಕೈ ಮೇಲೆ ಬಿಸಿ ಹೊಗೆ ಹೊಡೀತು. ಖಾಲಿ ಕೇಸು (ತೋಟಾದ ಹಿತ್ತಾಳೆ ಕೊಳವೆ) ಹೊರಗೆ ಬರ್ತಾ ಇಲ್ಲ, ರಾಡನ್ನ ಅಂಗೈಯಲ್ಲಿ ಗುದ್ದಿ ಗುದ್ದಿ ತೆಗೆದ್ರೆ ಒಂದೊಂದೂ ಹೊಟ್ಟೆ ಉಬ್ಬಿಸ್ಕೊಂಡು ಬಂತು, ಎರಡು ಉದ್ದಕ್ಕೆ ಸೀಳಿತ್ತು. ರೇಂಜ್ ಆಫೀಸರ್ ಬಂದು ಒಂದು ಕೇಸ್ ಎತ್ತಿ ನೋಡಿ "ಗನ್ ಕೆಳಗಿಡಿ ಸರ್, ಇನ್ನು ಹೊಡೀಬೇಡಿ" ಅಂದ್ರು. ಹುಡುಗ್ರು ಎಲ್ಲ ನನ್ನ ಕಡೆನೇ ನೋಡ್ತಿದ್ರು.

ಲೈಸನ್ಸ್ ಇರೋ ಒಬ್ಬ ಹಳೇ ರಿಪೇರಿಯವರ ಹತ್ರ ತೋರಿಸ್ದೆ. ಅವರು ಅಳತೆ ತೆಗೆದು ಎರಡೇ ನಿಮಿಷದಲ್ಲಿ ಹೇಳಿದ್ರು. ಸಿಲಿಂಡರು .32-20ದು. ಅದೇ ಕಂಪನಿಯ ಅದೇ ಕೆ ಫ್ರೇಮಿನ ಇನ್ನೂ ಹಳೇ ರಿವಾಲ್ವರಿಂದ, ಯುದ್ಧಕ್ಕೂ ಮುಂಚಿನದು. ಹೆಸರಲ್ಲಿ ಎರಡೂ ಮೂವತ್ತೆರಡು, ಗುಂಡಿನ ದಪ್ಪನೂ ಹತ್ತಿರತ್ತಿರ ಒಂದೇ, ಆದ್ರೆ .32-20ರ ತೋಟಾ ಉದ್ದ, ಬುಡದಲ್ಲಿ ದಪ್ಪ. ನಾವು ಹಾಕೋ .32 ಲಾಂಗ್ ತೋಟಾ ಬುಡದಲ್ಲಿ ಸುಮಾರು ಎಂಟೂವರೆ ಮಿಲಿಮೀಟರ್, ಆ ತೂತು ಒಂಬತ್ತರ ತೋಟಾಕ್ಕೆ ಮಾಡಿದ್ದು. ಆ ಸಡಿಲ ತೂತಲ್ಲಿ ಸಿಡಿದ್ರೆ ಹಿತ್ತಾಳೆ ಕೇಸು ಉಬ್ಬಲೇಬೇಕು, ಸೀಳಲೇಬೇಕು. ಯಾವುದೋ ಕಾಲದಲ್ಲಿ ಒರಿಜಿನಲ್ ಸಿಲಿಂಡರು ಹಾಳಾಗಿದೆ, ಸಿಕ್ಕಿದ್ದನ್ನ ಅರ ಹಾಕಿ ಕೂರಿಸಿದಾರೆ. ನಾನು ಕಾರವಾರದಲ್ಲಿ ಒಂದೇ ಒಂದು ತೋಟಾ ಹಾಕಿ ಅಲ್ಲಾಡ್ಸಿದ್ರೂ ಲೊಟಲೊಟ ಅಂತಿತ್ತು.

ಇನ್ನು ಮಾರಿದವರ ಉತ್ತರಗಳು. ಇದನ್ನ ಓದಿ, ಮಜಾ ಇದೆ.

ಮೊದಲನೇ ಫೋನಿಗೆ: "ಎಪ್ಪತ್ತು ವರ್ಷದ ಗನ್ ಸರ್, ಅದು ಇದು ಚೇಂಜ್ ಆಗಿರತ್ತೆ." ಆಲ್ ಒರಿಜಿನಲ್ ಅಂದಿದ್ರಲ್ಲ ಅಂದೆ. "ಕಂಪನಿ ಒರಿಜಿನಲ್ ಅಂದೆ, ಸಿಲಿಂಡರೂ ಅದೇ ಕಂಪನಿದೇ ಅಲ್ವಾ?" ನೋಡಿ ಹೇಗೆ! ನನಗೆ ಬಾಯೇ ಬರ್ಲಿಲ್ಲ. ಎರಡನೇ ಸಲ ಕೇಸು ಸೀಳಿರೋ ಫೋಟೋ ಕಳಿಸ್ದೆ. "ತೋಟಾ ಹಳೇದಿರ್ಬೇಕು" ಅಂತ ಬಂತು. ಹೊಸ ಬಾಕ್ಸು ಅಂದೆ. ಎರಡು ದಿನ ಉತ್ತರ ಇಲ್ಲ. ಆಮೇಲೆ "ಶೋಕೇಸಲ್ಲಿ ಇಡೋ ಗನ್ನಿಗೆ ಯಾಕೆ ಗುಂಡು ಹಾಕಿದ್ರಿ ಸರ್?" ಟಾರ್ಗೆಟ್ ಹೊಡೆಯೋಕೆ ಅಂತಾನೇ ಹುಟ್ಟಿದ ಗನ್ನಿಗೆ ಯಾಕೆ ಗುಂಡು ಹಾಕಿದ್ರಿ ಅಂತೆ! ನೀಲಿ ಹತ್ತಿಸಿದ್ದು ಯಾಕೆ ಹೇಳಿಲ್ಲ ಅಂದ್ರೆ "ಖರ್ಚು ಮಾಡಿ ಚಂದ ಮಾಡಿ ಕೊಟ್ಟಿದೀವಿ, ಅದಕ್ಕೂ ಬೇಜಾರಾ?" ಅಂದ್ರು. ಅಂದ್ರೆ ಮಾಡ್ಸಿದ್ದು ಅವರೇ, ಬಾಯಿ ತಪ್ಪಿ ಒಪ್ಕೊಂಡ ಹಾಗಾಯ್ತು, ಟೀ ಎಸ್ಟೇಟ್ ಮ್ಯಾನೇಜರ್ ಕಥೆ ಏನಾಯ್ತೋ ದೇವರಿಗೇ ಗೊತ್ತು. ಕೊನೇಗೆ ವಾಪಸ್ ತಗೊಳಿ ಅಂದಿದ್ದಕ್ಕೆ "ನೀವೇ ಬಂದು ಕಣ್ಣಾರೆ ನೋಡಿ ತಗೊಂಡಿದ್ದು. ಬೇಡ ಅಂದ್ರೆ ಬೇರೆ ಪಾರ್ಟಿ ನೋಡ್ಕೊಡ್ತೀನಿ, ಎರಡೂವರೆಗೆ."

ಎರಡೂವರೆ ಲಕ್ಷ.

ಕೊಡೋದಿದ್ರೂ ಮತ್ತೆ ಅರ್ಜಿ, ಮತ್ತೆ 45 ದಿನ, ಮತ್ತೆ ಕಾರವಾರ. ಸಿಲಿಂಡರ್ ಒಂದನ್ನ ಹೊರಗಿಂದ ತರ್ಸಣ ಅಂದ್ರೆ ಕಾಯ್ದೆ ಪ್ರಕಾರ ಬಿಡಿಭಾಗವೂ ಆಯುಧಾನೇ. ದೇಶದೊಳಗೆ ಕೆ-32 ಸಿಲಿಂಡರ್ ಬೇಕು ಅಂದ್ರೆ ಇನ್ನೊಂದು ಕೆ-32 ಬಿಚ್ಬೇಕು, ಅದನ್ನ ಯಾವ ಪುಣ್ಯಾತ್ಮ ಬಿಚ್ತಾನೆ.

ತಗೊಳೋರಿಗೆ ಇಷ್ಟೇ ಹೇಳ್ತೀನಿ, ಗ್ರೀಸ್ ಒರೆಸಿ ನೋಡಿ. ಅವರು ಬೇಜಾರು ಮಾಡ್ಕೊಂಡ್ರೂ ಒರೆಸಿ. ಬುಡ, ನಳಿಗೆ ಅಡಿ, ಸಿಲಿಂಡರ್ ಹಿಂದೆ, ಮೂರೂ ಕಡೆ ನಂಬರ್ ಓದಿ ಫೋಟೋ ಹೊಡ್ಕೊಳಿ, ಹ್ಯಾಮರ್ ಬಣ್ಣ ನೋಡಿ, ಆರೂ ತೂತಿಗೆ ಖಾಲಿ ಕೇಸ್ ಹಾಕಿ ಅಲ್ಲಾಡ್ಸಿ, ಆಲ್ ಒರಿಜಿನಲ್ ಅಂತ ಬಾಯಲ್ಲಿ ಹೇಳೋದನ್ನ ಕಾಗದದಲ್ಲಿ ಬರೆಸ್ಕೊಳಿ. ಮತ್ತೆ ಶರಬತ್ತು ಕುಡೀಬೇಡಿ, ಕುಡಿದ್ರೆ ದಾಕ್ಷಿಣ್ಯ ಬರತ್ತೆ. ತಮಾಷೆಗೆ ಹೇಳ್ತಾ ಇಲ್ಲ.

ಗನ್ನು ಈಗ ಬೀರುವಲ್ಲಿದೆ. ವಕೀಲರ ಹತ್ರ ಮಾತಾಡಿದೀನಿ, ನೋಟಿಸ್ ಕೊಡಣ ಅಂದಿದಾರೆ, ಬರೆಸ್ಕೊಂಡಿದ್ದು ಏನೂ ಇಲ್ಲ ಅಂದಾಗ ಅವರ ಮುಖ ಸಣ್ಣಗಾಯ್ತು. ಆ ಮನುಷ್ಯ ಮಾತ್ರ ನನ್ನ ಫೋನ್ ಎತ್ತಲ್ಲ, ಆದ್ರೆ ದಿನಾ ಬೆಳಿಗ್ಗೆ ಆರೂಕಾಲಿಗೆ ಗುಲಾಬಿ ಹೂವಿನ ಜೊತೆ ಶುಭೋದಯ ಅಂತ ಮೆಸೇಜ್ ಬರತ್ತೆ, ಎಲ್ಲರಿಗೂ ಒಟ್ಟಿಗೆ ಕಳಿಸೋ ಲಿಸ್ಟಲ್ಲಿ ನನ್ನ ನಂಬರೂ ಉಳ್ಕೊಂಡಿರ್ಬೇಕು. ಇವತ್ತೂ ಬಂದಿದೆ.